ಹೆಸರಿಲ್ಲದ ನಾಲ್ವರು ಪ್ರಯಾಣಿಕರು

ಆರು ವರ್ಷಗಳಿಂದ ತನ್ನ ಕಾರಿನಲ್ಲಿ ನಾಲ್ಕು ಜನ ಪುಕ್ಕಟೆಯಾಗಿ ಓಡಾಡುತ್ತಿದ್ದಾರೆ ಎಂಬ ಸಂಗತಿ ಸೆಟ್ಟಪ್ಪನಿಗೆ ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ. ಅದಕ್ಕೆ ಕಾರಣ, ಆ ದಿನ ಪೇಪರು ಬಾರದೇ ಇದ್ದದ್ದು.

ಸೆಟ್ಟಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕುಲದಿಂದ ಬಂದದ್ದೂ ಅಲ್ಲ. ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ದಂತವೈದ್ಯರು ಅಳತೆ ತೆಗೆದು ಕಳಿಸಿದ ದವಡೆಯ ಅಚ್ಚುಗಳಿಗೆ ಮೇಣದಲ್ಲಿ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸಬೇಕು. ಬೀದಿಯವರು ಸೆಟ್ಟಪ್ಪ ಎಂದರು, ಅವನೂ ಓಗೊಟ್ಟ. ದಿನವಿಡೀ ಅವನ ಮೇಜಿನ ಸುತ್ತ ಮೂವತ್ತು ನಲವತ್ತು ಬಾಯಿಗಳು ತೆರೆದುಕೊಂಡು ಕೂತಿರುತ್ತವೆ. ಒಂದಾದರೂ ಮಾತಾಡಬೇಕಲ್ಲ! ಸಂಜೆ ಬೀಗ ಹಾಕಿ ಮನೆಗೆ ಬಂದರೆ ಅಲ್ಲಿಯೂ ಅಷ್ಟೇ. ಹೆಂಡತಿ ತೀರಿಕೊಂಡು ಆರು ವರ್ಷ. ಮಹಡಿಯ ಮೇಲೆ ಎರಡು ಕೋಣೆ, ಒಂದು ರೇಡಿಯೋ, ಒಂದು ತಟ್ಟೆ. (ತಟ್ಟೆಗಳು ಎಂಟಿದ್ದವು. ಒಂದನ್ನೇ ತೊಳೆದು ತೊಳೆದು ಉಳಿದ ಏಳಕ್ಕೆ ಧೂಳು ಹಿಡಿದಿತ್ತು.)

ಕೆಳಗಿನ ಮನೆಯಲ್ಲಿ ಅಕ್ಕ. ಅವನಿಗಿಂತ ಐದು ವರ್ಷ ದೊಡ್ಡವಳು, ಅವಳಿಗೂ ಗಂಡ ಇಲ್ಲ. ಅಪ್ಪ ಪಾಲು ಮಾಡುವಾಗ ಕೆಳಗಿನ ಮನೆ, ಅಂಗಳ, ಗೇಟು ಎಲ್ಲ ಅವಳ ಹೆಸರಿಗೆ ಬರೆದು ಮಹಡಿಯನ್ನು ಇವನಿಗೆ ಕೊಟ್ಟಿದ್ದರು. ಬೆಳಿಗ್ಗೆ ಎಂಟಕ್ಕೆ ಮೇಲೊಂದು ಕುಕ್ಕರು ಕೂಗುತ್ತಿತ್ತು, ಅದಾದ ಎರಡು ನಿಮಿಷಕ್ಕೆ ಕೆಳಗೊಂದು ಕೂಗುತ್ತಿತ್ತು. ಆ ಮನೆಯಲ್ಲಿ ಮೇಲಕ್ಕೂ ಕೆಳಕ್ಕೂ ಸಂಭಾಷಣೆ ಎಂದರೆ ಹೆಚ್ಚುಕಡಿಮೆ ಅಷ್ಟೇ.

ಅವರಿಬ್ಬರ ನಡುವೆ ಮಾತು ಕಡಿಮೆಯಾಗಲು ಕಾರಣವೂ ಆ ಕಾರೇ. ನಾಲ್ಕು ವರ್ಷದ ಹಿಂದೆ ಅಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದ. ಪೆಟ್ರೋಲ್ ಬಂಕಿನಲ್ಲಿ ಅವಳು ಕೈ ತೊಳೆಯಲು ಇಳಿದಳು. ಸೆಟ್ಟಪ್ಪ ಅದನ್ನು ನೋಡಲಿಲ್ಲ. ಪೆಟ್ರೋಲು ಹಾಕಿಸಿ ಹೊರಟವನು ಹಿಂದಿನ ಸೀಟಿನಲ್ಲಿ ಅಕ್ಕ ಇದ್ದಾಳೆಂದೇ ಹನ್ನೊಂದು ಕಿಲೋಮೀಟರು ಮಾತಾಡಿಕೊಂಡು ಹೋದ. ಎದುರುತ್ತರ ಬಾರದ್ದು ನೋಡಿ, ಇಂದು ಅಕ್ಕ ನನ್ನ ಮಾತನ್ನು ಒಪ್ಪುತ್ತಿದ್ದಾಳೆ ಎಂದು ಹಿಗ್ಗಿದನಂತೆ! ವಾಪಸು ಬಂದಾಗ ಅವಳು ಬಂಕಿನ ಸ್ಟೂಲಿನ ಮೇಲೆ ಕೂತಿದ್ದಳು. "ಇನ್ನು ನಿನ್ನ ಕಾರು ಹತ್ತಿದ್ರೆ ಕೇಳು" ಎಂದಳು. ಹತ್ತಲಿಲ್ಲ. ಬಸ್ಸಿನಲ್ಲಿ ಮನೆಗೆ ಹೋದಳು.

ಇರಲಿ. ಭಾನುವಾರಕ್ಕೆ ಬರೋಣ. ಓದಲು ಏನೂ ಇಲ್ಲದೆ ಸೆಟ್ಟಪ್ಪ ಕಪಾಟಿನಿಂದ ಕಾರಿನ ವಿಮಾ ಪಾಲಿಸಿಯನ್ನು ತೆಗೆದ. ಮೂವತ್ತೆರಡು ಪುಟದ ಮಹಾಕಾವ್ಯ. ಇಷ್ಟು ವರ್ಷ ಕಂತು ಕಟ್ಟಿದ್ದನೇ ಹೊರತು ಒಂದು ಪುಟ ಓದಿರಲಿಲ್ಲ. ಮೂರನೆಯ ಪುಟದಲ್ಲಿ, ಯಾವುದಕ್ಕೆಲ್ಲ ರಕ್ಷಣೆ ಇದೆ ಎಂಬ ಪಟ್ಟಿಯಲ್ಲಿ, ಹೀಗೊಂದು ಸಾಲಿತ್ತು: ಹೆಸರಿಲ್ಲದ ಪ್ರಯಾಣಿಕರು, ನಾಲ್ಕು. ಮುಂದೆ ಅವರಿಗಾಗಿ ಇವನು ಕಟ್ಟಿದ ಹಣ.

ಅವನು ಕನ್ನಡಕ ಒರೆಸಿ ಮತ್ತೊಮ್ಮೆ ಓದಿದ. ಆರು ವರ್ಷ! ಹೆಂಡತಿ ಹೋದ ಮೇಲೆ ಆ ಕಾರಿನಲ್ಲಿ ಅವನ ಪಕ್ಕ ಕೂತದ್ದು ಹಲ್ಲಿನ ಡಬ್ಬಿಗಳು ಮಾತ್ರ.

ಕೂಡಲೇ ವಿಮೆಯ ಏಜೆಂಟಮ್ಮನಿಗೆ ಫೋನು ಮಾಡಿದ. ಆಕೆ ಚುರುಕಿನ ಹೆಂಗಸು. ಮೂರು ಗ್ರಾಹಕರ ಜೊತೆ ಒಟ್ಟಿಗೆ ಮಾತಾಡುವವಳು.

"ಅದು ನಿಮ್ಮ ಜೊತೆ ಕೂರೋರಿಗೆ ಸಾರ್. ನಿಮ್ಮ ಗಾಡಿಗೆ ಪೆಟ್ಟಾದ್ರೆ ಒಂದು ರಕ್ಷಣೆ, ನಿಮ್ಮಿಂದ ಹೊರಗಿನೋರಿಗೆ ನಷ್ಟ ಆದ್ರೆ ಒಂದು, ನಿಮಗೆ ಏನಾದ್ರೂ ಆದ್ರೆ ಒಂದು, ಕೂತಿರೋರಿಗೆ ಒಂದು. ಹೆಸರು ಯಾಕೆ ಹಾಕಲ್ಲ ಅಂದ್ರೆ, ದಿನಾ ಒಬ್ಬೊಬ್ಬರು ಕೂರ್ತಾರಲ್ಲ?"

"ಅದನ್ನ ತೆಗೆದುಬಿಡೋಕಾಗುತ್ತಾ?"

"ತೆಗೀಬಹುದು. ಯಾಕೆ ಸಾರ್, ನಿಮ್ಮ ಕಾರಲ್ಲಿ ಯಾರೂ ಕೂರೋದೇ ಇಲ್ವಾ?"

ಆಕೆ ಸುಮ್ಮನೆ ಕೇಳಿದ್ದು. ಆದರೆ ಸೆಟ್ಟಪ್ಪನಿಗೆ ಇಲ್ಲ ಎನ್ನಲು ಎರಡಕ್ಷರ ಸಾಕು, ಅವು ಬಾಯಿಗೆ ಬರಲಿಲ್ಲ.

"ಕೂರದೇ ಏನು! ಜಾಗ ಸಾಲಲ್ಲ," ಎಂದ. "ಒಬ್ಬರ ಮೇಲೊಬ್ಬರು ಕೂರ್ತಾರೆ."

"ಅಯ್ಯೋ, ಹಾಗೆಲ್ಲ ಕೂರಿಸ್ಬೇಡಿ ಸಾರ್! ಐದಕ್ಕಿಂತ ಹೆಚ್ಚು ಜನ ಇದ್ರೆ ಕಂಪನಿ ತಕರಾರು ತೆಗೆಯುತ್ತೆ. ಬರೋರಿಗೆ ಸ್ವಲ್ಪ ಗಟ್ಟಿಯಾಗಿ ಹೇಳಿ."

ಹೇಳುತ್ತೇನೆಂದು ಫೋನು ಇಟ್ಟ. ಖಾಲಿ ಕೋಣೆಯಲ್ಲಿ ಗಟ್ಟಿಯಾಗಿ ಹೇಳಿಸಿಕೊಳ್ಳಲು ರೇಡಿಯೋ ಒಂದೇ ಇತ್ತು.

ಆದದ್ದಾಗಲಿ, ಆಡಿದ ಸುಳ್ಳನ್ನು ನಿಜ ಮಾಡಿಬಿಡುವುದು ಎಂದು ನಿಶ್ಚಯಿಸಿದ. ಮೊದಲು ಮೆಟ್ಟಿಲ ತುದಿಯಲ್ಲಿ ನಿಂತು ಕೂಗಿದ: "ಅಕ್ಕಾ, ನಾಳೆಯಿಂದ ಮಾರ್ಕೆಟ್ಟಿಗೆ ಕಾರಲ್ಲಿ ಬರ್ತೀಯಾ?"

"ಯಾಕೆ, ಬಂಕಿನೋರು ಸ್ಟೂಲು ಖಾಲಿ ಇದೆ ಅಂದ್ರಾ?" ಎಂದು ಕೆಳಗಿನಿಂದ ಉತ್ತರ ಬಂತು. ಬಾಗಿಲು ಹಾಕಿಕೊಂಡಿತು.

ಮರುದಿನ ಬಸ್ ನಿಲ್ದಾಣದ ಮುಂದೆ ಕಾರು ನಿಲ್ಲಿಸಿದ. ಏಳೆಂಟು ಜನ ನಿಂತಿದ್ದರು. ಕಿಟಕಿ ಇಳಿಸಿ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಹೇಳಿದ: "ಬನ್ನಿ, ಯಾರು ಬೇಕಾದ್ರೂ ಬನ್ನಿ! ಹೆದರ್ಬೇಡಿ, ನಿಮಗೆಲ್ಲ ಇನ್ಶೂರೆನ್ಸ್ ಇದೆ. ಕೈ ಹೋದ್ರೂ ಬರುತ್ತೆ, ಕಾಲು ಹೋದ್ರೂ ಬರುತ್ತೆ!"

ಸಾಲು ಒಟ್ಟಾಗಿ ಎರಡು ಹೆಜ್ಜೆ ಹಿಂದೆ ಸರಿಯಿತು. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡಳು.

ಮೂರನೆಯ ದಿನ ವಿಮೆಯ ಮಾತೆತ್ತದೆ, "ದೊಡ್ಡಾಸ್ಪತ್ರೆ ಕಡೆ ಹೋಗ್ತಿದ್ದೀನಿ" ಎಂದಷ್ಟೇ ಹೇಳಿದ. ಶಾಲೆಯ ಸಮವಸ್ತ್ರ ಹೊಲಿಯುವ ಟೈಲರಮ್ಮ ಎರಡು ಗಂಟುಗಳೊಂದಿಗೆ ಬಸ್ಸಿನಲ್ಲಿ ನಿಂತು ನಿಂತು ಬೇಸತ್ತಿದ್ದಳು. ಅನುಮಾನದಿಂದಲೇ ಹತ್ತಿದಳು. ಅವಳ ಹಿಂದೆ ಆಸ್ಪತ್ರೆಯ ಕಾವಲುಗಾರ ಹತ್ತಿದ. ಒಬ್ಬಳು ಹೆಂಗಸು ಕೂತ ಮೇಲೆ ಕಾರು ಸುರಕ್ಷಿತ ಎಂದು ಅವನ ಎಣಿಕೆ.

ಆಮೇಲಿನ ಇಪ್ಪತ್ತು ದಿನ ಸೆಟ್ಟಪ್ಪನ ಪಾಲಿಗೆ ಸುವರ್ಣಯುಗ. ಬೆಳಿಗ್ಗೆ ಏಳೂವರೆಗೇ ಕಾರು ಒರೆಸುತ್ತಿದ್ದ. ಹಿಂದಿನ ಸೀಟಿಗೆ ಎರಡು ದಿಂಬು ತಂದ. ಟೈಲರಮ್ಮ ಹತ್ತಿದ ಕೂಡಲೇ ಮಾತು ಶುರುಮಾಡುತ್ತಿದ್ದಳು. ನಾದಿನಿ ಅಂದದ್ದು, ತಾನು ಅಂದದ್ದು, ನಾದಿನಿ ಮತ್ತೆ ಅಂದದ್ದು. ಆಸ್ಪತ್ರೆ ಬರುವಷ್ಟರಲ್ಲಿ ಜಗಳ ಅರ್ಧಕ್ಕೆ ನಿಲ್ಲುತ್ತಿತ್ತು. ಉಳಿದರ್ಧ ಏನಾಯಿತೋ ಎಂದು ಸೆಟ್ಟಪ್ಪ ದಿನವಿಡೀ ದವಡೆಗಳ ಮುಂದೆ ಯೋಚಿಸುತ್ತಿದ್ದ. ಕಾವಲುಗಾರ ಕಡಿಮೆ ಮಾತಿನವನು. ಇಳಿಯುವಾಗ "ಬರ್ತೀನಿ ಯಜಮಾನ್ರೇ" ಎನ್ನುತ್ತಿದ್ದ. ಆ 'ಬರ್ತೀನಿ' ಕೇಳಲೆಂದೇ ಸೆಟ್ಟಪ್ಪ ಎಂಜಿನ್ನು ಆರಿಸಿ ಕಾಯುತ್ತಿದ್ದ. ಮಾತಾಡುವಾಗ ಮುಖ ಕಾಣಲಿ ಎಂದು ಮೇಲಿನ ಕನ್ನಡಿಯನ್ನು ಹಿಂದಿನ ಸೀಟಿನತ್ತ ತಿರುಗಿಸಿಯೂ ಇಟ್ಟಿದ್ದ.

ಕೆಟ್ಟದ್ದು ಎಲ್ಲಿ ಎಂದರೆ, ಅವರಿಬ್ಬರೂ ಮರ್ಯಾದಸ್ಥರು. ಇಪ್ಪತ್ತೊಂದನೆಯ ದಿನ ಟೈಲರಮ್ಮ ಒಂದು ಲಕೋಟೆ ಮುಂದಿಟ್ಟಳು. "ಪೆಟ್ರೋಲಿಗೆ ಅಣ್ಣ. ಸುಮ್ನೆ ಕೂತ್ಕೊಂಡು ಬರೋಕೆ ನಮಗೂ ಒಂಥರಾ ಆಗುತ್ತೆ."

ಸೆಟ್ಟಪ್ಪ ಅಷ್ಟರಲ್ಲಿ ಪಾಲಿಸಿಯ ಹತ್ತೊಂಬತ್ತನೆಯ ಪುಟ ತಲುಪಿದ್ದ. ಅಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಬಾಡಿಗೆಗಾಗಲಿ ಪ್ರತಿಫಲಕ್ಕಾಗಲಿ ವಾಹನವನ್ನು ಓಡಿಸಿದಲ್ಲಿ ಯಾವ ರಕ್ಷಣೆಯೂ ಇರುವುದಿಲ್ಲ. ಅವನು ಗಕ್ಕನೆ ಕಾರು ನಿಲ್ಲಿಸಿದ.

"ತಗೊಳ್ಳಿ ವಾಪಸ್ಸು! ಇದು ಪ್ರತಿಫಲ ಆಗುತ್ತೆ! ಇನ್ಶೂರೆನ್ಸ್ ಹೋಗುತ್ತೆ!"

"ಏನಣ್ಣ ಹೀಗೆ ಕಿರುಚ್ತೀರಿ? ಕದ್ದ ದುಡ್ಡಲ್ಲ ಇದು."

ಅದೇ ಹೊತ್ತಿಗೆ ಕಾವಲುಗಾರ, ಗಲಾಟೆ ತಣ್ಣಗಾಗಲಿ ಎಂದು, ದಿನಾ ಕೊಡುವಂತೆ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನೀಡಿದ. ಸೆಟ್ಟಪ್ಪ ಹಾವು ಕಂಡವನಂತೆ ಕೈ ಹಿಂದೆಳೆದುಕೊಂಡ.

"ಇದೂ ಬೇಡ!"

"ಹಣ್ಣು ಯಜಮಾನ್ರೇ."

"ಹಣ್ಣು ಅಂದ್ರೆ ಫಲ ತಾನೇ? ದಿನಾ ಕೊಡ್ತಿದ್ದೀರಿ. ಪ್ರತಿ ದಿನ ಫಲ! ಪ್ರತಿಫಲ ಅಂದ್ರೆ ಇನ್ನೇನು? ಇಪ್ಪತ್ತು ಹಣ್ಣು ತಿಂದಿದ್ದೀನಲ್ಲಪ್ಪ ನಾನು, ಕಂಪನಿಗೆ ಗೊತ್ತಾದ್ರೆ..."

ಕಾವಲುಗಾರ ಹಣ್ಣನ್ನು ಚೀಲಕ್ಕೆ ಹಾಕಿಕೊಂಡ. ಬಾಗಿಲು ತೆಗೆದು ಇಳಿದ. ಟೈಲರಮ್ಮ ಗಂಟುಗಳನ್ನು ಒಂದೊಂದಾಗಿ ಎಳೆದುಕೊಂಡಳು. "ಬಡವರು ಅಂತ ನಮ್ಮ ಕೈಯಿಂದ ತಗೊಳ್ಳೋದು ನಿಮಗೆ ಅಸಹ್ಯ. ಹಾಗೆ ನೇರವಾಗಿ ಹೇಳ್ಬಹುದಿತ್ತಣ್ಣ." ಸೆಟ್ಟಪ್ಪ ಪಾಲಿಸಿ ತೆಗೆದು ತೋರಿಸುವಷ್ಟರಲ್ಲಿ ಇಬ್ಬರೂ ರಸ್ತೆ ದಾಟಿದ್ದರು.

ಸಂಜೆ ಏಜೆಂಟಮ್ಮನಿಗೆ ಫೋನು ಮಾಡಿ ಕೇಳಿದ. ಆಕೆ ನಕ್ಕು ನಕ್ಕು ಕೆಮ್ಮಿದಳು. "ಬಾಳೆಹಣ್ಣಿಗೆಲ್ಲ ಏನೂ ಆಗಲ್ಲ ಸಾರ್! ಟ್ಯಾಕ್ಸಿ ಥರ ಬಾಡಿಗೆ ಓಡಿಸ್ಬಾರ್ದು ಅಂತ ಅಷ್ಟೇ. ಸ್ನೇಹದಲ್ಲಿ ಕೊಟ್ಟಿದ್ದು ತಿನ್ನಿ."

ಮರುದಿನ ಆರು ಬಾಳೆಹಣ್ಣು ಕೊಂಡು ನಿಲ್ದಾಣದ ಮುಂದೆ ಕಾದ. ಆಸ್ಪತ್ರೆಯ ವ್ಯಾನೊಂದು ಬಂದು ಕಾವಲುಗಾರನನ್ನೂ ಟೈಲರಮ್ಮನನ್ನೂ ಹತ್ತಿಸಿಕೊಂಡಿತು. ಕಾವಲುಗಾರನಿಗೆ ಅದರಲ್ಲಿ ಮೊದಲಿನಿಂದಲೂ ಜಾಗವಿತ್ತಂತೆ. ಕಾರಿನಲ್ಲಿ ಮಾತು ಕೇಳುತ್ತ ಬರುವುದು ಚೆನ್ನಾಗಿದೆ ಎಂದು ಇಷ್ಟು ದಿನ ಬಿಟ್ಟಿದ್ದನಂತೆ. ಇದನ್ನು ಹೇಳಿದವನು ನಿಲ್ದಾಣದ ಪಕ್ಕದ ಅಂಗಡಿಯವನು. ಸೆಟ್ಟಪ್ಪ ಕೈ ಎತ್ತಿದ. ವ್ಯಾನಿನ ಕಿಟಕಿಯಲ್ಲಿ ಟೈಲರಮ್ಮ ಯಾರಿಗೋ ನಾದಿನಿಯ ಕತೆ ಹೇಳುತ್ತಿದ್ದಳು. ಇತ್ತ ತಿರುಗಲಿಲ್ಲ. ಬಾಳೆಹಣ್ಣನ್ನು ಮೂರು ದಿನ ಒಬ್ಬನೇ ತಿಂದ. ಕೊನೆಯ ಎರಡು ಕಪ್ಪಾಗಿದ್ದವು.

ನಾಲ್ಕನೆಯ ದಿನ ಬೆಳಿಗ್ಗೆ ಕಾರನ್ನು ಹಿಂದಕ್ಕೆ ತೆಗೆಯುತ್ತ ಮೇಲಿನ ಕನ್ನಡಿ ನೋಡಿದ. ಕನ್ನಡಿಯ ತುಂಬ ಎರಡು ದಿಂಬು, ಖಾಲಿ ಸೀಟು. ಅದನ್ನೇ ನೋಡುತ್ತ ಆಕ್ಸಿಲರೇಟರ್ ಒತ್ತಿದ. ಗೇಟಿನ ಒಂದು ಬಾಗಿಲು, ಅದರ ಕಂಬ, ಕಂಬದ ಮೇಲಿದ್ದ ಹೂವಿನ ಕುಂಡ ಮೂರೂ ಒಟ್ಟಿಗೆ ನೆಲಕ್ಕೆ ಬಂದವು. ಅಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದಳು. ಮೊದಲು ನೋಡಿದ್ದು ಅವನ ತಲೆಯನ್ನು, ಕೈಕಾಲನ್ನು. ಎಲ್ಲ ನೆಟ್ಟಗಿದೆ ಎಂದು ಗೊತ್ತಾದ ಮೇಲೆ ಬೈಯಲು ಶುರುಮಾಡಿದಳು.

ಮಧ್ಯಾಹ್ನ ವಿಮೆಯ ಸರ್ವೇಯರು ಬಂದ. ನಷ್ಟ ಎಷ್ಟಾಗಿದೆ ಎಂದು ನೋಡಿ ಬರೆದುಕೊಳ್ಳುವುದು ಅವನ ಕೆಲಸ.

"ಹಿಂದೆ ನೋಡ್ಲಿಲ್ವಾ?"

"ನೋಡ್ತಾನೇ ಇದ್ದೆ."

"ಏನು ಕಾಣಿಸ್ತು?"

"ಸೀಟು."

ಸರ್ವೇಯರು ಇವನನ್ನು ಒಮ್ಮೆ ನೋಡಿ, ಏನೂ ಬರೆಯದೆ ಮುಂದಿನ ವಿಷಯಕ್ಕೆ ಹೋದ. "ಕಾರಿನ ಬಂಪರ್ ಪಾಲಿಸೀಲಿ ಬರುತ್ತೆ. ಗೇಟು ನಿಮ್ಮದೇ ಆಗಿದ್ರೆ ಬರಲ್ಲ. ನಿಮ್ಮ ಸ್ವತ್ತನ್ನ ನೀವೇ ಗುದ್ದಿದ್ರೆ ಕಂಪನಿ ಏನು ಮಾಡುತ್ತೆ? ಬೇರೆಯವರದ್ದಾಗಿದ್ರೆ ಅವರು ಥರ್ಡ್ ಪಾರ್ಟಿ, ಮೂರನೇ ವ್ಯಕ್ತಿ. ಅವರು ನಿಮ್ಮ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ಬೇಕು. ಆಮೇಲೆ ಕೇಸು ನಡೀಬೇಕು. ಕಂಪನಿ ಕಡೆಯಿಂದ ಪರಿಹಾರ ಸಿಗಬಹುದು."

ಸೆಟ್ಟಪ್ಪ ಕೆಳಗಿನ ಬಾಗಿಲು ತಟ್ಟಿದ. (ನಾಲ್ಕು ವರ್ಷದಲ್ಲಿ ತಟ್ಟಿದ್ದು ಅದೇ ಮೊದಲು.) ವಿಷಯ ಹೇಳಿದ.

"ನಾನು ಮೂರನೆಯವಳಾ?" ಅಕ್ಕನ ಕಣ್ಣು ಅಗಲವಾಯಿತು. "ಮೊದಲನೆಯವನು ಯಾರು?"

"ನಾನು."

"ಎರಡನೆಯವರು?"

"ಕಂಪನಿ."

"ಆಹಾ! ಮುಖ ಮೂತಿ ಗೊತ್ತಿಲ್ಲದ ಕಂಪನಿ ನಿನಗೆ ಎರಡನೆಯದು. ಒಂದೇ ತಟ್ಟೇಲಿ ಉಂಡು ಬೆಳೆದೋಳು ಮೂರನೆಯವಳು!"

"ಅದು ಪಾಲಿಸಿ ಭಾಷೆ ಅಕ್ಕ. ನೀನು ನನ್ನ ಮೇಲೊಂದು ಕಂಪ್ಲೇಂಟ್ ಕೊಟ್ರೆ..."

ಅಕ್ಕ ಸೌಟು ಕೆಳಗಿಟ್ಟಳು. "ಕಂಪ್ಲೇಂಟಾ? ಪೊಲೀಸರ ಮುಂದೆ? ನಿನ್ನ ಮೇಲೆ?" ಎಂದವಳು ಒಳಗೆ ಹೋಗಿ, "ನಾಳೆ ಬೆಳಿಗ್ಗೆ ಹತ್ತಕ್ಕೆ ರೆಡಿ ಇರು" ಎಂದು ಕೂಗಿ ಹೇಳಿದಳು.

ಮರುದಿನ ಅವಳು ಒಳ್ಳೆಯ ಸೀರೆ ಉಟ್ಟು, ಕೈಚೀಲ, ನೀರಿನ ಬಾಟಲಿ, ಕನ್ನಡಕ ಹಿಡಿದು ಹೊರಬಂದಳು. ಸ್ಟೇಷನ್ನು ಊರಿನ ಆ ತುದಿಯಲ್ಲಿತ್ತು, ಆ ಕಡೆಗೆ ನೇರ ಬಸ್ಸಿರಲಿಲ್ಲ. ಸೆಟ್ಟಪ್ಪ ಹೆದರುತ್ತಲೇ ಕಾರಿನ ಬಾಗಿಲು ತೆಗೆದ.

"ಕಂಪ್ಲೇಂಟ್ ಕೊಡೋಕೆ ಅಂತ ಕೂರ್ತಿದ್ದೀನಿ," ಎಂದು ಅಕ್ಕ ಹಿಂದೆ ಕೂತಳು. "ಇದನ್ನ ಸವಾರಿ ಅಂತ ತಿಳ್ಕೋಬೇಡ. ಮತ್ತೆ ಕನ್ನಡೀಲಿ ನನ್ನ ಮುಖ ನೋಡೋದು ಬಿಟ್ಟು ರಸ್ತೆ ನೋಡು."

ಸ್ಟೇಷನ್ನಿನಲ್ಲಿ ರೈಟರು, ಅಂದರೆ ದೂರು ಬರೆದುಕೊಳ್ಳುವ ಪೊಲೀಸಿನವರು, ಮೇಜಿನ ಮೇಲಿನ ಫೈಲುಗಳನ್ನು ಸರಿಸಿ ಜಾಗ ಮಾಡಿಕೊಂಡರು.

"ಯಾರ ಮೇಲಮ್ಮ ದೂರು?"

"ಇವನ ಮೇಲೆ. ಗೇಟಿನ ವಿಷಯ."

"ಇವರು ಯಾರು?"

"ನನ್ನ ತಮ್ಮ."

"ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದೋರು?"

"ಇವನೇ. ಇನ್ಯಾರಿದ್ದಾರೆ?"

ರೈಟರು ಪೆನ್ನಿನ ತುದಿ ಕಚ್ಚಿಕೊಂಡು, "ಸರಿ, ಹೇಳಿ" ಎಂದರು. ಅಕ್ಕ ಹೇಳತೊಡಗಿದಳು. ಅವಳು ಎರಡನೆಯ ಕ್ಲಾಸಿನಲ್ಲಿದ್ದಾಗ ತಮ್ಮ ಅವಳ ಸ್ಲೇಟು ಒಡೆದದ್ದರಿಂದ ದೂರು ಆರಂಭವಾಯಿತು. ಬಂಕಿನ ಪ್ರಕರಣಕ್ಕೆ ಒಂದು ಪುಟ ಹಿಡಿಯಿತು. ಸೆಟ್ಟಪ್ಪ ಬೆಂಚಿನ ತುದಿಯಲ್ಲಿ ಗಡಿಯಾರ ನೋಡುತ್ತ ಕೂತಿದ್ದ. ಇನ್ನೇನು ಗೇಟು ಬರುತ್ತದೆ, ಇನ್ನೇನು ಬರುತ್ತದೆ ಎಂದುಕೊಂಡ.

"ಇವನ ಹೆಂಡತಿ ಹೋದ ಮೇಲೆ ಎರಡು ವರ್ಷ ನಾನು ಇಬ್ಬರಿಗೆ ಅಂತ ಅಡುಗೆ ಮಾಡಿ ಮೆಟ್ಟಿಲ ಮೇಲಿಟ್ಟೆ ಸಾರ್. ತಿಂದು, ಡಬ್ಬಿ ತೊಳೆದು, ಮತ್ತೆ ಮೆಟ್ಟಿಲ ಮೇಲೇ ಇಡ್ತಿದ್ದ. ಒಂದು ದಿನ ಬಾಗಿಲು ತಟ್ಟಿ ಕೈಗೆ ಕೊಡ್ಲಿಲ್ಲ. ಬಂಕಿನಿಂದ ಬಂದ ಮೇಲೆ ನಾನೂ ಇಡೋದು ಬಿಟ್ಟೆ. ಅದನ್ನಾದ್ರೂ ಯಾಕೆ ಅಂತ ಕೇಳಿದ್ನಾ?"

ರೈಟರು ಬರೆಯುವುದನ್ನು ನಿಲ್ಲಿಸಿದರು.

"ಈಗ ಬೀದೀಲಿ ಹೋಗೋರನ್ನೆಲ್ಲ ಕರ್ದು ಕರ್ದು ಕೂರಿಸ್ಕೊಂಡ. ದಿಂಬು ಬೇರೆ ತಂದ. ಕಿಟಕೀಲಿ ನಿಂತು ನೋಡ್ತಿದ್ದೆ. ನನ್ನ ಕರೆದದ್ದು ಒಂದೇ ಸಲ, ಅದೂ ಮೇಲಿಂದ ಕೂಗಿ. ಒಂದು ಸಲ ಬೇಡ ಅಂದ್ರೆ, ಇನ್ನೊಂದು ಸಲ ಕೇಳ್ಬಾರ್ದಾ ಸಾರ್?"

ಸೆಟ್ಟಪ್ಪ ತನ್ನ ಬೆರಳುಗಳಿಗೆ ಅಂಟಿದ್ದ ಒಣ ಮೇಣವನ್ನು ಕೆರೆಯುತ್ತಿದ್ದ. ಏನಾದರೂ ಹೇಳಬೇಕೆನ್ನಿಸಿತು. ನೀನು ಕಿಟಕಿಯಲ್ಲಿ ನಿಂತಿದ್ದು ನನಗೆ ಗೊತ್ತಿರಲಿಲ್ಲ ಅಕ್ಕ, ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಬಾಯಿ ಬಿಡುವ ಅಭ್ಯಾಸ ತಪ್ಪಿಹೋಗಿತ್ತು.

"ಇದಕ್ಕೆ ನಾನು ಯಾವ ಸೆಕ್ಷನ್ ಹಾಕ್ಲಮ್ಮ?" ಎಂದರು ರೈಟರು, ಮೆಲ್ಲಗೆ. "ಗೇಟು ಅಂತ ಏನೋ ಅಂದ್ರಲ್ಲ ಬರುವಾಗ?"

"ಗೇಟಾ? ಅದು ಬಿಡಿ. ತುಕ್ಕು ಹಿಡಿದಿತ್ತು, ಕಂಬಾನೂ ವಾಲಿತ್ತು. ಇವನು ಮುಟ್ಟದಿದ್ರೂ ಈ ವರ್ಷ ಬೀಳೋದೇ."

ಸೆಟ್ಟಪ್ಪ ತಟಕ್ಕನೆ ಎದ್ದು ನಿಂತ. "ಅಕ್ಕಾ! ಅದನ್ನ ಹೇಳ್ಬಾರ್ದು!" ಹೊತ್ತು ಮೀರಿತ್ತು. ಬರೆಯುವುದನ್ನೇ ನಿಲ್ಲಿಸಿದ್ದ ರೈಟರು ಈ ಒಂದು ಮಾತನ್ನು ಮಾತ್ರ ಅಚ್ಚುಕಟ್ಟಾಗಿ ಬರೆದುಕೊಂಡಿದ್ದರು. ಕಂಪನಿಯ ಪರಿಹಾರ ಅಲ್ಲಿಗೆ ಮುಗಿಯಿತು.

ಕೇಸು ಮಾಡುವುದು ಬೇಡ, ಒಂದು ಮುಚ್ಚಳಿಕೆ ಬರೆಸಿಕೊಂಡು ಬಿಡೋಣ ಎಂದು ರೈಟರು ತೀರ್ಮಾನಿಸಿದರು. ಅಕ್ಕ ಹೇಳುತ್ತ ಹೋದಳು, ಅವರು ಬರೆಯುತ್ತ ಹೋದರು. ಇಂದಿನಿಂದ ಎರಡು ಹೊತ್ತೂ ಕೆಳಗೆ ಬಂದು ಉಣ್ಣತಕ್ಕದ್ದು. ಗೇಟನ್ನು ಸ್ವಂತ ಖರ್ಚಿನಲ್ಲಿ ನಿಲ್ಲಿಸತಕ್ಕದ್ದು. ಊಟದಲ್ಲಿ ತಪ್ಪು ಹುಡುಕಕೂಡದು. ಸೆಟ್ಟಪ್ಪ ಸಹಿ ಹಾಕಿದ. ಮೂವತ್ತೆರಡು ಪುಟ ಓದಿ ಹಣ್ಣಾದವನು ಈ ಒಂದು ಪುಟವನ್ನು ಓದದೆಯೇ ಹಾಕಿದ.

ಮನೆಗೆ ಬಂದಾಗ ಎರಡು ಗಂಟೆ. ಅಕ್ಕ ಬೆಳಿಗ್ಗೆಯೇ ಇಬ್ಬರಿಗಾಗುವಷ್ಟು ಅಡುಗೆ ಮಾಡಿ ಮುಚ್ಚಿಟ್ಟು ಹೋಗಿದ್ದಳು. ಎರಡು ತಟ್ಟೆ ಹಾಕಿ ಬಡಿಸಿದಳು. ಸೆಟ್ಟಪ್ಪ ಮೊದಲ ತುತ್ತು ಬಾಯಿಗಿಟ್ಟ. ಕಂಪ್ಲೇಂಟಿನ ಸಂಭ್ರಮದಲ್ಲಿ ಅವಳು ಉಪ್ಪನ್ನೇ ಮರೆತಿದ್ದಳು. ಅವನು ಷರತ್ತು ನೆನೆದು ನುಂಗಿದ. ಇನ್ನೊಂದು ತುತ್ತನ್ನೂ ನುಂಗಿದ.

"ಹೇಗಿದೆ?" ಎಂದಳು ಅಕ್ಕ.

ಅವನು ತಲೆಯಾಡಿಸಿದ.

"ಬಾಯಿಗೆ ಏನಾಗಿದೆ ನಿನಗೆ? ಎದುರಿಗೆ ಮನುಷ್ಯರು ಕೂತಿಲ್ವಾ? ಮಾತಾಡೋ."

"ಉಪ್ಪು..."

"ಹ್ಞಾ, ಉಪ್ಪು?"

"ಹಾಕಿಲ್ಲ ಅಂತ ಕಾಣುತ್ತೆ ಅಕ್ಕ."

ಅಕ್ಕ ತನ್ನ ತಟ್ಟೆಯಿಂದ ಒಂದು ತುತ್ತು ತಿಂದು ನೋಡಿದಳು. ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ಅವನ ಮುಂದೆ ಕುಕ್ಕಿದಳು. ಅವಳ ಮುಖದಲ್ಲಿ, ಅವನು ಎಷ್ಟೋ ವರ್ಷದಿಂದ ಕಾಣದಿದ್ದ ಕಳೆಯೊಂದು ಬಂದಿತ್ತು.

"ಸಹಿ ಹಾಕಿ ಎರಡು ಗಂಟೆ ಆಗಿಲ್ಲ, ಆಗಲೇ ಷರತ್ತು ಮುರಿದೆ. ನಾಳೆ ಹತ್ತಕ್ಕೆ ಕಾರು ತೆಗಿ, ಸ್ಟೇಷನ್ನಿಗೆ ನಡಿ," ಎಂದಳು. "ಈ ಸಲ ನಾನು ಮುಂದೆ ಕೂರ್ತೀನಿ. ಹಿಂದೆ ಕೂತು ಬೈದ್ರೆ ನಿನಗೆ ಸರಿಯಾಗಿ ಕೇಳಿಸಲ್ಲ."